ಆರನೇ ವಾರ್ಡಿನ ತಂತಿ

ಅವಳ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇತ್ತು. ಆಸ್ಪತ್ರೆಯ ಉಳಿದವರಿಗೆಲ್ಲ ಅವಳು ಟೋನಕ್ಕ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಟೆಲಿಫೋನ್ ಕೋಣೆಯ ಸ್ಟೂಲಿನ ಮೇಲೆ ಕೂತು, ಟೆಸ್ಟ್ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಒಂದೊಂದು ತಂತಿ ಮುಟ್ಟಿದಾಗಲೂ "ಟೋನ್ ಬಂತು" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಅದನ್ನು ಕೇಳಿಸಿಕೊಂಡ ಲಿಫ್ಟಿನವನು ಆ ಹೆಸರಿಟ್ಟ. "ಟೋನಕ್ಕ ಮೂರ್ಛೆ ಹೋದ್ರೆ ಡಾಕ್ಟರು ನಾಡಿ ಹಿಡಿಯೋದಲ್ಲ, ಟೋನ್ ಬರ್ತಿದೆಯಾ ಅಂತ ನೋಡಬೇಕು" ಎಂದು ಅವನು ಹೇಳದ ದಿನವಿಲ್ಲ. ಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಯಾರಾದರೂ ನಿಜವಾದ ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದೇ ಮರೆತುಹೋಯಿತು.

ಟೆಲಿಫೋನ್ ಕೋಣೆ ನೆಲಮಾಳಿಗೆಯಲ್ಲಿ, ಮೆಟ್ಟಿಲಿನ ಹಿಂದೆ ಇತ್ತು. ಕಿಟಕಿ ಇರಲಿಲ್ಲ. ಬ್ಯಾಟರಿಗಳ ಹುಳಿ ವಾಸನೆಯೂ ಬಿಸಿಯಾದ ಧೂಳಿನ ವಾಸನೆಯೂ ಸೇರಿ ಅವಳ ಬಟ್ಟೆಗೆ ಅಂಟಿಕೊಂಡೇ ಮನೆಗೆ ಬರುತ್ತಿದ್ದವು. ಒಂದು ಗೋಡೆಯುದ್ದಕ್ಕೂ ಕಬ್ಬಿಣದ ಫ್ರೇಮು. ಅದರ ಒಂದು ಬದಿಗೆ ಎಕ್ಸ್‌ಚೇಂಜಿನಿಂದ ಬರುವ ನಂಬರುಗಳು, ಇನ್ನೊಂದು ಬದಿಗೆ ವಾರ್ಡುಗಳಿಗೆ, ಕೋಣೆಗಳಿಗೆ ಹೋಗುವ ಕೇಬಲ್ಲುಗಳು. ಒಂದು ಫೋನಿಗೆ ಒಂದು ಜೋಡಿ ತಂತಿ: ಒಂದು ಬಿಳಿ, ಅದಕ್ಕೆ ಹೆಣೆದುಕೊಂಡಂತೆ ಇನ್ನೊಂದು ಬಣ್ಣದ್ದು. ಯಾವ ನಂಬರು ಯಾವ ಕೋಣೆಯಲ್ಲಿ ಬಾರಿಸಬೇಕು ಎನ್ನುವುದು ಆ ಎರಡು ಬದಿಗಳ ನಡುವೆ ಅವಳು ಎಳೆಯುವ ತೆಳು ತಂತಿಯ ಮೇಲೆ ನಿಂತಿತ್ತು.

ತಂತಿ ಜೋಡಿಸಿದ ಮೇಲೆ ಅವಳದೊಂದು ಪದ್ಧತಿ. ಫ್ರೇಮಿನ ಬಳಿಯಿಂದಲೇ ಪರೀಕ್ಷೆ ಮಾಡಿ ಮುಗಿಸಿಬಿಡಬಹುದಿತ್ತು. ಎಲ್ಲರೂ ಹಾಗೇ ಮಾಡುತ್ತಿದ್ದರು. ಅವಳು ಮಾತ್ರ ಆ ಕೋಣೆಗೆ ತಾನೇ ಹೋಗಿ, ಫೋನಿನ ಮೇಲೆ ಬರೆದ ನಂಬರನ್ನು ಗಟ್ಟಿಯಾಗಿ ಓದಿ, ಆಪರೇಟರಿಂದ ಆ ನಂಬರಿಗೆ ಕರೆ ಮಾಡಿಸಿ, ತನ್ನ ಕಣ್ಣೆದುರೇ ಗಂಟೆ ಹೊಡೆದದ್ದನ್ನು ಕೇಳಿಸಿಕೊಂಡು ಬರುತ್ತಿದ್ದಳು. ಐದು ಅಂತಸ್ತು. ಮೊಣಕಾಲು ನೋವು ಬಂದ ಮೇಲೂ ಬಿಡಲಿಲ್ಲ.

"ಫೋನ್ ಕಂಡುಹಿಡಿದದ್ದೇ ನಡೆಯೋದು ತಪ್ಪಲಿ ಅಂತ" ಎಂದು ಲಿಫ್ಟಿನವನು ಹೇಳುತ್ತಿದ್ದ. "ಇವಳೊಬ್ಬಳು ಫೋನಿಗೋಸ್ಕರ ನಡೀತಾಳೆ."

ಆ ಪದ್ಧತಿ ಯಾವ ಸೋಮವಾರದಿಂದ ಶುರುವಾಯಿತು ಎಂದು ಅವನಿಗೆ ಗೊತ್ತಿರಲಿಲ್ಲ.

ಮನೆ ಎಂದರೆ ಬೀಗ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಅಲ್ಲಿ ಅವಳೂ ಅವಳ ಅತ್ತಿಗೆಯೂ ಇದ್ದರು. ಅಣ್ಣ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಟೋನಕ್ಕ ಮದುವೆಯಾಗಲಿಲ್ಲ, ಯಾಕೆ ಎಂದು ಕೇಳಿದವರಿಗೆ "ಲೈನ್ ಬ್ಯುಸಿ ಇತ್ತು" ಎನ್ನುತ್ತಿದ್ದಳು, ಕೇಳಿದವರು ನಕ್ಕು ಸುಮ್ಮನಾಗುತ್ತಿದ್ದರು. ಅತ್ತಿಗೆ ಒಂದು ಕಾಲದಲ್ಲಿ ಅದೇ ಆಸ್ಪತ್ರೆಯ ಆರನೇ ವಾರ್ಡಿನ ನರ್ಸು. ಕೆಲಸ ಹೋದ ಮೇಲೆ ಮತ್ತೆಲ್ಲೂ ಸೇರಲಿಲ್ಲ. ಬಂದ ನೆಂಟರ ಮುಂದೆಲ್ಲ, "ನನ್ನ ನಾದಿನಿ ಇಲ್ಲದೆ ಇದ್ದಿದ್ರೆ ನಾನು ಯಾವತ್ತೋ ಮಣ್ಣು ಸೇರ್ತಿದ್ದೆ" ಎಂದು ಟೋನಕ್ಕನ ಬೆನ್ನು ಸವರುತ್ತಿದ್ದಳು. ಆ ಕೈ ಬೆನ್ನಿಗೆ ತಾಗಿದಾಗಲೆಲ್ಲ ಟೋನಕ್ಕನಿಗೆ ಒಳಗೆ ಒಲೆಗೆ ತಣ್ಣೀರು ಸುರಿದ ಹಾಗಾಗುತ್ತಿತ್ತು.

ಊಟ ಮಾಡುತ್ತಿರುವಾಗ ಅತ್ತಿಗೆ ಇದ್ದಕ್ಕಿದ್ದಂತೆ ಕೈ ತಡೆಯುತ್ತಿದ್ದಳು.

"ಫೋನು."

"ಇಲ್ಲ ಅತ್ತಿಗೆ. ಬಾರಿಸ್ತಿಲ್ಲ."

"ಬಾರಿಸ್ತಿದೆ. ನಿನಗೆ ಆ ಮೆಷಿನ್ನುಗಳ ನಡುವೆ ಕೂತು ಕಿವಿ ಮಂದ ಆಗಿದೆ."

ಎಂಜಲು ಕೈಯನ್ನು ಮೇಲೆತ್ತಿಕೊಂಡೇ ಹೋಗಿ, ಎಡಗೈಯಲ್ಲಿ ರಿಸೀವರ್ ತೆಗೆದು, ಬೆನ್ನು ನೆಟ್ಟಗೆ ಮಾಡಿಕೊಂಡು, "ಹಲೋ, ಆರನೇ ವಾರ್ಡು" ಎನ್ನುತ್ತಿದ್ದಳು. ಸ್ವಲ್ಪ ಹೊತ್ತು ಕಿವಿಗೊಟ್ಟು ನಿಲ್ಲುತ್ತಿದ್ದಳು. ಆಮೇಲೆ ಮೆಲ್ಲಗೆ ಕೆಳಗಿಟ್ಟು, "ಇಟ್ಟುಬಿಟ್ರು ಅನ್ಸುತ್ತೆ" ಎಂದು ಬಂದು ಕೂರುತ್ತಿದ್ದಳು. ವಾರಕ್ಕೊಮ್ಮೆ ಇದ್ದದ್ದು ದಿನಕ್ಕೊಮ್ಮೆಯಾಗಿತ್ತು. ಒಂದು ಸಲ ಟೋನಕ್ಕ ಆ ಫೋನಿನ ತಂತಿ ಕಿತ್ತು, ಅದನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಳು. ಮಾರನೆಯ ದಿನ ಕೆಲಸದಿಂದ ಬಂದಾಗ ಅತ್ತಿಗೆ ತೆರೆದ ಕಪಾಟಿನ ಮುಂದೆ ನೆಲದ ಮೇಲೆ ಕೂತಿದ್ದಳು, ತಂತಿಯಿಲ್ಲದ ರಿಸೀವರ್ ಕಿವಿಗೆ. ಟೋನಕ್ಕ ಫೋನನ್ನು ಮೊದಲಿದ್ದ ಜಾಗದಲ್ಲೇ ಇಟ್ಟು ತಂತಿ ಜೋಡಿಸಿದಳು.

ಅವಳು ನಿವೃತ್ತಳಾಗಲು ಇಪ್ಪತ್ತು ದಿನ ಇರುವಾಗ ಆಸ್ಪತ್ರೆಗೆ ಡಿಜಿಟಲ್ ಲೈನಿನ ಕಾರ್ಡು ಬಂತು. ಹೊರಗಿನ ಟೆಲಿಫೋನ್ ಕಚೇರಿಯಿಂದ ಅಲ್ಲಿಯವರೆಗೆ ಮೂವತ್ತು ಲೈನಿಗೆ ಮೂವತ್ತು ಜೋಡಿ ತಂತಿ ಬರುತ್ತಿತ್ತು. ಇನ್ನು ಎರಡೇ ಜೋಡಿ ಸಾಕು. ಮೂವತ್ತು ಜನರ ಮಾತು ಅದರಲ್ಲೇ ಸಾಗುತ್ತದಂತೆ. ಕಾರ್ಡು ತಂದ ಕಂಪನಿಯವರು ಐವತ್ತರ ಆಸುಪಾಸಿನ ಮನುಷ್ಯ, ಹೊಟ್ಟೆ ಮುಂದೆ, ಉಸಿರು ಹಿಂದೆ. ಲಿಫ್ಟಿನವನು ಅವರಿಗೂ ಆಗಲೇ ಕಾರ್ಡಪ್ಪ ಎಂದು ಹೆಸರಿಟ್ಟಾಗಿತ್ತು.

ಕಾರ್ಡಪ್ಪ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿಕೊಂಡು ಅದರ ತಂತಿಯನ್ನು ಎಕ್ಸ್‌ಚೇಂಜಿನ ಕಬ್ಬಿಣದ ಪೆಟ್ಟಿಗೆಗೆ ಸಿಕ್ಕಿಸಿದರು. "ಮೈಯಲ್ಲಿರೋ ಕರೆಂಟು ಕಾರ್ಡಿಗೆ ಹೊಡೀಬಾರದು ನೋಡಿ ಅಕ್ಕ. ನಮಗೆ ಗೊತ್ತೇ ಆಗಲ್ಲ, ಅದು ಸತ್ತುಹೋಗಿರುತ್ತೆ."

ಅಂಗೈ ಅಗಲದ ಹಸಿರು ಹಲಗೆ. ಅಂಚು ಹಿಡಿದು, ಪೆಟ್ಟಿಗೆಯ ನಾಲ್ಕನೇ ಸ್ಲಾಟಿನ ಸಂದಿಗೆ ನೇರವಾಗಿಟ್ಟು, ಎರಡು ಹೆಬ್ಬೆರಳಿನಿಂದ ಒತ್ತಿದರು. ಕ್ಲಿಪ್ಪು ಕಟಕ್ ಎಂದು ಕೂತಿತು. ಕಾರ್ಡಿನ ಬಾಯಿಂದ ಹೊರಟ ನಾಲ್ಕು ತಂತಿಗಳನ್ನು ಫ್ರೇಮಿಗೆ ತಂದು ಕೂರಿಸುವುದು ಟೋನಕ್ಕನ ಕೆಲಸ. ಎರಡು ಸೇರಿ ಕಳಿಸುವ ಜೋಡಿ, ಇನ್ನೆರಡು ಸೇರಿ ಕೇಳುವ ಜೋಡಿ. ಅವಳು ಕನ್ನಡಕ ಮೇಲೇರಿಸಿ, ಒತ್ತುವ ಟೂಲಿನಿಂದ ಒಂದೊಂದನ್ನೂ ಕೂರಿಸಿದಳು. ಕಾರ್ಡಿನ ಮೂತಿಯಲ್ಲಿ ಕೆಂಪು ದೀಪ ಹತ್ತಿತು.

"ಕೆಂಪು ಅಂದ್ರೆ ಟೆಲಿಫೋನ್ ಕಚೇರಿ ಕಡೆಯಿಂದ ಏನೂ ಬರ್ತಿಲ್ಲ" ಎಂದರು ಕಾರ್ಡಪ್ಪ.

ಅವಳು ನೋಡಿದಳು. ಕಳಿಸುವ ಜೋಡಿಯನ್ನು ಅವರ ಕಳಿಸುವ ಜೋಡಿಗೇ ಕೊಟ್ಟಿದ್ದಳು. "ಬಾಯಿಗೆ ಬಾಯಿ ಕೊಟ್ಟಿದೀನಿ. ಕಿವಿಗೆ ಕೊಡಬೇಕಿತ್ತು" ಎಂದು ತಂತಿ ಕಿತ್ತು ಅದಲುಬದಲು ಮಾಡಿದಳು. ಕೆಂಪು ಆರಿ ಹಳದಿ ಬಂತು.

"ಇದೇನು ಸಾರ್ ಹಳದಿ?"

"ಈಗ ಅವರ ಮಾತು ನಮಗೆ ಬರ್ತಿದೆ. ನಮ್ಮದು ಅವರಿಗೆ ಮುಟ್ಟಿಲ್ಲ. ನೀವು ಹೇಳಿದ್ದು ನನಗೆ ಕೇಳಿಸ್ತಿಲ್ಲ ಅಂತ ಅವರೇ ತಿಳಿಸ್ತಿದಾರೆ. ನಮ್ಮ ಕಡೆಯಿಂದ ಹೋಗೋ ಜೋಡೀಲಿ ಎಲ್ಲೋ ಒಂದು ತಂತಿ ಸರಿಯಾಗಿ ಕೂತಿಲ್ಲ."

ಟೋನಕ್ಕ ಟೂಲು ಕೈಯಲ್ಲಿಟ್ಟುಕೊಂಡೇ ನಿಂತಳು. "ಮುಟ್ಟದೆ ಇದ್ರೆ ಇದು ಹೇಳುತ್ತಾ?"

"ಮತ್ತೆ? ಕ್ಷಣದಲ್ಲಿ ಹೇಳುತ್ತೆ."

"ಹಳೇದರಲ್ಲಿ?"

"ಹಳೇದರಲ್ಲಿ ಏನಿದೆ ಅಕ್ಕ, ನಿಮಗೆ ಗೊತ್ತಿಲ್ದೇ ಇರೋದಾ? ಕರೆ ಮಾಡಿದೋನ ಕಿವೀಲಿ ಟ್ರಿಂಗ್ ಟ್ರಿಂಗ್ ಅಂತ ಕೇಳಿಸುತ್ತಲ್ಲ, ಅದು ಆ ಕಡೆಯ ಗಂಟೆಯ ಸದ್ದಲ್ಲ. ಎಕ್ಸ್‌ಚೇಂಜು ಕೊಡೋ ಸದ್ದು. ಗಂಟೆ ಎಲ್ಲಿ ಹೊಡೀತಿದೆಯೋ, ಹೊಡೀತಿದೆಯೋ ಇಲ್ವೋ, ಯಾರಿಗೆ ಗೊತ್ತು."

ಅವಳಿಗೆ ಗೊತ್ತಿತ್ತು. ಇಪ್ಪತ್ತಾರು ವರ್ಷದಿಂದ ಗೊತ್ತಿತ್ತು. ಅವಳು ಬಗ್ಗಿ, ಸಿಪ್ಪೆ ಸೀಳದೆ ಅರೆಬರೆ ಕೂತಿದ್ದ ತಂತಿಯನ್ನು ಹುಡುಕಿ ಮತ್ತೊಮ್ಮೆ ಒತ್ತಿದಳು. ಹಳದಿ ಹೋಗಿ ಹಸಿರು ಬಂತು. ಕಾರ್ಡಪ್ಪ ಚಪ್ಪಾಳೆ ತಟ್ಟಿದರು. ಅವಳು ಸ್ಟೂಲಿನ ಮೇಲೆ ಕೂತದ್ದನ್ನು ಮೊಣಕಾಲು ನೋವೆಂದುಕೊಂಡು ನೀರು ತರಿಸಿಕೊಟ್ಟರು.

ನೀರು ಕುಡಿಯುವಷ್ಟರಲ್ಲಿ ಅವರು ಕಪಾಟಿನ ಹಳೆಯ ಫ್ರೇಮ್ ಪುಸ್ತಕಗಳನ್ನು ಹೊರಗೆಳೆದು ರಾಶಿ ಹಾಕುತ್ತಿದ್ದರು. ಯಾವ ತಂತಿ ಯಾವತ್ತು ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಅವಳೇ ಬರೆದ ಹದಿನಾಲ್ಕು ಪುಸ್ತಕ.

"ಇನ್ನು ಇದೆಲ್ಲ ಕಂಪ್ಯೂಟರಲ್ಲಿರುತ್ತೆ. ನಾಳೆ ಗುಜರಿಯವನು ಬರ್ತಾನೆ" ಎನ್ನುತ್ತ ಒಂದನ್ನು ಬಿಡಿಸಿ ನೋಡಿದರು. "ಅಬ್ಬ, ಮುತ್ತು ಪೋಣಿಸಿದ ಹಾಗಿದೆ ಅಕ್ಷರ. ಒಂದನ್ನೂ ಬಿಟ್ಟಿಲ್ಲವಲ್ಲ. ಇದನ್ನ ಯಾರಾದ್ರೂ ಓದಿದಾರಾ?"

"ಇಲ್ಲ" ಎಂದಳು ಟೋನಕ್ಕ.

ಇಪ್ಪತ್ತಾರು ವರ್ಷದ ಹಿಂದಿನ ಆ ಶನಿವಾರ ನಡೆದದ್ದು ಇಷ್ಟೆ. ಆರನೇ ವಾರ್ಡಿಗೆ ಹೋಗುವ ಕೇಬಲ್ಲನ್ನು ಇಲಿ ಕಡಿದಿತ್ತು. ಕೋಣೆಯಲ್ಲಿ ಆಗ ಟ್ಯೂಬ್‌ಲೈಟ್ ಇರಲಿಲ್ಲ, ಒಂದು ಹಳದಿ ಬಲ್ಬು. ಹಳೆಯ ಕೇಬಲ್ಲಿನ ತಂತಿಗಳು ಬಣ್ಣಗೆಟ್ಟಿದ್ದವು. ಆ ಬೆಳಕಿನಲ್ಲಿ ಕಿತ್ತಳೆಯೂ ಕಂದೂ ಒಂದೇ ತೆರ. ಒಂದು ಆರನೇ ವಾರ್ಡಿನದು, ಇನ್ನೊಂದು ಹಾಸಿಗೆ ಬಟ್ಟೆ ಇಡುವ ಕೋಣೆಯದು. ಅವಳು ಅವನ್ನು ಅದಲುಬದಲು ಮಾಡಿ ಜೋಡಿಸಿದಳು. ಪರೀಕ್ಷೆ ಮಾಡಲಿಲ್ಲವೆಂದೇನಿಲ್ಲ. ಫ್ರೇಮಿನ ಬಳಿಯಿಂದಲೇ ಆರನೇ ವಾರ್ಡಿನ ನಂಬರು ಒತ್ತಿದಳು. ಆ ಕಡೆ ಯಾರೋ ಎತ್ತಿದರು.

"ಬರ್ತಾ ಇದೆಯಾ?"

"ಬರ್ತಾ ಇದೆ ತಾಯಿ, ಚೆನ್ನಾಗಿ ಬರ್ತಾ ಇದೆ."

ಗಂಡಸಿನ ದನಿ. ನೀವು ಎಲ್ಲಿಂದ ಮಾತಾಡ್ತಿರೋದು ಎಂದು ಕೇಳಬೇಕಿತ್ತು. ಕೇಳಲಿಲ್ಲ. ಬಾಗಿಲಲ್ಲಿ ಅತ್ತಿಗೆ ನಿಂತು ಅವಸರ ಮಾಡುತ್ತಿದ್ದಳು. ಡ್ಯೂಟಿ ಮುಗಿಸಿ, ಮುಖ ತೊಳೆದು, ಯೂನಿಫಾರ್ಮ್ ಬದಲಿಸಿ ಬಂದಿದ್ದಳು. ಇಬ್ಬರೂ ಮೂರು ಗಂಟೆಯ ಸಿನಿಮಾಗೆ ಹೋಗುವವರಿದ್ದರು. "ಬಾರೇ, ಆ ತಂತಿ ಏನು ಓಡಿ ಹೋಗುತ್ತಾ, ಹೆಸರು ಬೀಳೋ ಹೊತ್ತಿಗಾದ್ರೂ ಒಳಗಿರೋಣ" ಎಂದು ಅವಳ ಕೈಯಿಂದ ಟೂಲು ಕಿತ್ತು ಡಬ್ಬಿಗೆ ಹಾಕಿದ್ದಳು. ಹೊರಡುವ ಮುಂಚೆ ಟೋನಕ್ಕ ಪುಸ್ತಕದಲ್ಲಿ ಬರೆದಳು: ಜೋಡಿಸಿದೆ, ಪರೀಕ್ಷಿಸಿದೆ.

ಭಾನುವಾರ ಮಧ್ಯಾಹ್ನ ಆರನೇ ವಾರ್ಡಿನಲ್ಲಿ ಅತ್ತಿಗೆಯ ಡ್ಯೂಟಿ. ಹೊಟ್ಟೆಯ ಹುಣ್ಣೊಡೆದು ಬಂದಿದ್ದ ಬೇಕರಿಯವನಿಗೆ ರಕ್ತ ಕೊಡುತ್ತಿದ್ದರು. ಆ ಕಡೆಯ ಕಟ್ಟಡದ ರಕ್ತನಿಧಿಯಲ್ಲಿ ಗುಮಾಸ್ತ ತಾನು ಕಳಿಸಿದ್ದು ಬೇರೆ ಗುಂಪಿನ ರಕ್ತ, ಚೀಟಿಯೂ ತಪ್ಪು ಎಂದು ಆಗಷ್ಟೇ ಕಂಡುಕೊಂಡ. ಆರನೇ ವಾರ್ಡಿಗೆ ಕರೆ ಮಾಡಿದ. ಅವನ ಕಿವಿಯಲ್ಲಿ ಗಂಟೆ ಹೊಡೆಯಿತು. ಇಟ್ಟ, ಮತ್ತೆ ಮಾಡಿದ. ಹನ್ನೊಂದು ಸಲ. ಆಮೇಲೆ ಓಡಿಬಂದ. ಅಷ್ಟರಲ್ಲಿ ಬೇಕರಿಯವನ ಮೈ ನಡುಗಿ, ಉಸಿರು ನಿಂತುಹೋಗಿತ್ತು.

ಆ ಹನ್ನೊಂದು ಸಲವೂ ಗಂಟೆ ಹೊಡೆದದ್ದು ಭಾನುವಾರ ಬೀಗ ಹಾಕಿರುವ ಬಟ್ಟೆ ಕೋಣೆಯಲ್ಲಿ. ಟೋನಕ್ಕನ ಕಣ್ಣ ಮುಂದೆ ಬರುತ್ತಿದ್ದದ್ದು ಸತ್ತವನಲ್ಲ. ಅವನನ್ನು ಅವಳು ನೋಡಿಯೇ ಇರಲಿಲ್ಲ. ಬರುತ್ತಿದ್ದದ್ದು ಆ ಕೋಣೆ. ಸೂರಿನವರೆಗೆ ಮಡಿಸಿಟ್ಟ ಬಿಳಿ ಚಾದರಗಳು, ಮೇಲಿನ ಸಣ್ಣ ಕಿಂಡಿಯಿಂದ ಬೀಳುವ ಬಿಸಿಲು, ಮೇಜಿನ ಮೇಲೆ ಕೂಗುತ್ತಿರುವ ಕಪ್ಪು ಫೋನು. ಸದ್ದನ್ನು ಬಟ್ಟೆಗಳು ಹೀರಿಕೊಳ್ಳುತ್ತಿದ್ದವು. ಕೂಗಿ ಕೂಗಿ ನಿಲ್ಲುತ್ತಿತ್ತು. ಮತ್ತೆ ಕೂಗುತ್ತಿತ್ತು.

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಬಟ್ಟೆ ಕೋಣೆಯವನು ನೆಲಮಾಳಿಗೆಗೆ ಇಳಿದು ಬಂದ. "ಏನು ತಾಯಿ, ನನ್ನನ್ನ ನರ್ಸು ಮಾಡಿಬಿಟ್ರಾ? ಬಾಗಿಲು ತೆಗೀತಿದ್ದ ಹಾಗೇ ಫೋನು, ಯಾರೋ ಆರನೇ ವಾರ್ಡಾ, ಜ್ವರ ಎಷ್ಟಿದೆ ಅಂತಾರೆ. ನನ್ನದಾ ಅಂದೆ" ಎಂದು ನಕ್ಕು ಹೋದ. ಶನಿವಾರದ ದನಿ ಅದೇ. ಮನೆಯಲ್ಲಿ ಅತ್ತಿಗೆ ಹಿಂದಿನ ಸಂಜೆಯಿಂದ ಗೋಡೆ ನೋಡುತ್ತ ಕೂತಿದ್ದಳು, ಫೋನು ಬಾರಿಸಲಿಲ್ಲ ಎಂಬ ಒಂದೇ ಮಾತು. ಟೋನಕ್ಕನ ತಲೆಗೆ ಹೊಳೆಯುವ ಮುಂಚೆ ಕೈಗೆ ಹೊಳೆದಿತ್ತು. ಎರಡು ಜೋಡಿ ಕಿತ್ತು ಬದಲಿಸಿದಳು. ಒಂದು ನಿಮಿಷದ ಕೆಲಸ. ಆಮೇಲೆ, ಬರೆಯದೆ ಬಿಟ್ಟು ಅಭ್ಯಾಸವಿಲ್ಲದ ಕೈ ಅದನ್ನೂ ಪುಸ್ತಕದಲ್ಲಿ ಬರೆಯಿತು.

ಬುಧವಾರ ವಿಚಾರಣೆ. ದೊಡ್ಡವರು ಮೂವರು ವಾರ್ಡಿಗೆ ಬಂದರು. ಫೋನನ್ನು ಪರೀಕ್ಷಿಸಲು ಟೋನಕ್ಕನನ್ನೇ ಕರೆದರು. ಪಕ್ಕದ ಕೋಣೆಯಿಂದ ನಂಬರು ಒತ್ತಿದಳು. ಆರನೇ ವಾರ್ಡಿನ ಗಂಟೆ ಗಣಗಣ ಹೊಡೆಯಿತು.

"ಲೈನು ಸರಿ ಇದೆಯಾ?"

"ಸರಿ ಇದೆ ಸಾರ್."

ಆ ಕ್ಷಣದಲ್ಲಿ ಅದು ಸುಳ್ಳಾಗಿರಲಿಲ್ಲ. ಅವಳಿಗೆ ಆಗ ಕೆಲಸ ಖಾಯಂ ಆಗಿರಲಿಲ್ಲ, ಭಯವಿತ್ತು. ನಾಳೆ ಹೇಳುತ್ತೇನೆ ಎಂದುಕೊಂಡಳು. ಅವರು ಅತ್ತಿಗೆಯತ್ತ ತಿರುಗಿದರು. ಭಾನುವಾರ ಡ್ಯೂಟಿಗೆ ಬಂದ ಮೇಲೆ ಅದೇ ಫೋನಿಂದ ಅಡುಗೆಮನೆಗೆ ಮಾತಾಡಿದ್ದೀರಲ್ಲ? ಹೌದು. ಮಧ್ಯಾಹ್ನ ನಿದ್ದೆ ಮಾಡಿದ್ರಾ? ಇಲ್ಲ. ಕಣ್ಣು ಮುಚ್ಚಿತ್ತಾ? ಇಲ್ಲ. ನಾಲ್ಕು ಸಲ ಇಲ್ಲ ಎಂದಳು. ಐದನೇ ಸಲ ಕೇಳಿದಾಗ ಗಂಡನ ತಂಗಿಯ ಮುಖ ನೋಡಿ, "ಗೊತ್ತಿಲ್ಲ" ಎಂದಳು. ಆ ನಾಳೆ ಇಪ್ಪತ್ತಾರು ವರ್ಷ ಬರಲಿಲ್ಲ.

ಕಾರ್ಡಿನಲ್ಲಿ ಹಸಿರು ದೀಪ ಹತ್ತಿದ ಆ ದಿನ ಟೋನಕ್ಕ ರಾಶಿಯಿಂದ ಮೂರನೇ ಪುಸ್ತಕ ತೆಗೆದು ಚೀಲಕ್ಕೆ ಹಾಕಿಕೊಂಡಳು. ಗುಜರಿಗೆ ಹೋದರೆ ಅದು ಅಲ್ಲಿಗೆ ಮುಗಿಯುತ್ತಿತ್ತು. ಇಪ್ಪತ್ತು ದಿನ ಸುಮ್ಮನಿದ್ದರೆ ಹೂವಿನ ಗುಚ್ಛ ಕೊಟ್ಟು ಕಳಿಸುತ್ತಿದ್ದರು. ಬಸ್ಸಿನಲ್ಲಿ ಕೂತಾಗ ಎರಡು ಸಲ ಇಳಿದು ವಾಪಸು ಹೋಗಿಬಿಡೋಣ ಅನ್ನಿಸಿತು.

ಸಂಜೆಯ ಬಿಸಿಲಿನ್ನೂ ಇತ್ತು. ಅತ್ತಿಗೆ ಕಿಟಕಿಯ ಬಳಿ ಕೂತು ಬಟಾಣಿ ಬಿಡಿಸುತ್ತಿದ್ದಳು. ಕೆಳಗಿನ ಅಂಗಡಿಯಲ್ಲಿ ಕೀಲಿಕೈಗೆ ಅರ ಹಾಕುವ ಸದ್ದು.

"ಬೇಗ ಬಂದ್ಯಲ್ಲ. ನಿನ್ನ ಕಾರ್ಡು ಕೆಲಸ ಮಾಡ್ತಾ?"

"ಮಾಡ್ತು." ಟೋನಕ್ಕ ಪುಸ್ತಕವನ್ನು ಅವಳ ಮುಂದೆ ಬಿಡಿಸಿಟ್ಟಳು. "ಅತ್ತಿಗೆ, ಇದನ್ನ ಓದಿ."

"ನಿನ್ನ ತಂತಿ ಪುರಾಣ ನನಗೆ ಯಾಕೆ?"

"ಓದಿ."

ಅತ್ತಿಗೆ ಕೈ ಒರೆಸಿಕೊಂಡು, ಕನ್ನಡಕ ಹುಡುಕಿ, ರೋಗಿಯ ಚಾರ್ಟು ಓದುವ ಹಾಗೆ ಬೆರಳಿಟ್ಟು ಓದಿದಳು. "ಶನಿವಾರ, ಒಂದು ನಲವತ್ತು. ಆರನೇ ವಾರ್ಡು. ಇಲಿ ಕಡಿದ ಕೇಬಲ್. ಜೋಡಿಸಿದೆ, ಪರೀಕ್ಷಿಸಿದೆ." ಬೆರಳು ಕೆಳಗಿನ ಸಾಲಿಗೆ ಇಳಿಯಿತು. "ಸೋಮವಾರ, ಎಂಟು ಹತ್ತು. ಆರನೇ ವಾರ್ಡು, ಬಟ್ಟೆ ಕೋಣೆ. ಎರಡು ಜೋಡಿ ಅದಲುಬದಲಾಗಿತ್ತು. ಸರಿಪಡಿಸಿದೆ."

ತಾರೀಖನ್ನು ಅವಳು ಓದಲಿಲ್ಲ. ಅದನ್ನು ಓದುವ ಅಗತ್ಯ ಅವಳಿಗಿರಲಿಲ್ಲ.

"ಭಾನುವಾರ ಎಲ್ಲಿ ಹೊಡೀತಿತ್ತು?"

"ಬಟ್ಟೆ ಕೋಣೇಲಿ."

"ಬೀಗ ಹಾಕಿತ್ತಾ?"

"ಹಾಕಿತ್ತು."

ಅತ್ತಿಗೆ ಒಂದು ಬಟಾಣಿ ಕಾಯಿ ಎತ್ತಿಕೊಂಡಳು. ಬಿಡಿಸಲಿಲ್ಲ. ಎದುರಿಗಿದ್ದವಳಿಗಲ್ಲದೆ ತಟ್ಟೆಗೆ ಹೇಳುವಂತೆ, "ಹಾಗಾದ್ರೆ ನಾನು ಎಚ್ಚರವಾಗೇ ಇದ್ದೆ" ಎಂದಳು.

"ಹೌದು ಅತ್ತಿಗೆ."

"ನಾನು ಪದೇಪದೇ ಯೋಚನೆ ಮಾಡಿದೀನಿ, ಗೊತ್ತಾ. ಅವತ್ತು ಮಧ್ಯಾಹ್ನ ಏನೇನು ಮಾಡಿದೆ ಅಂತ. ಥರ್ಮಾಮೀಟರ್ ತೊಳೆದೆ. ಮೂಲೆ ಹಾಸಿಗೆಯ ಮುದುಕಿಗೆ ತಲೆ ಬಾಚಿದೆ. ನಡುವೆ ಎಲ್ಲೋ ಒಂದು ಕಾಲು ಗಂಟೆ ಇರಬೇಕು, ನಾನು ಮಲಗಿದ್ದು, ಅಂತ ಹುಡುಕ್ತಾ ಇದ್ದೆ. ಸಿಗ್ತಾನೇ ಇರಲಿಲ್ಲ. ಇರಲೇಬೇಕಲ್ಲ ಅಂತ ಕೊನೆಗೆ ನಾನೇ ಒಂದನ್ನ ಮಾಡಿಕೊಂಡೆ." ಅವಳು ಕನ್ನಡಕ ತೆಗೆದಳು. "ನಿನ್ನ ಅಣ್ಣನಿಗೆ ಗೊತ್ತಿತ್ತಾ?"

"ಇಲ್ಲ. ಯಾರಿಗೂ ಗೊತ್ತಿಲ್ಲ."

"ನಿನ್ನನ್ನ ನಂಬ್ತೀನಿ ಅಂತಲೇ ನನಗೆ ಹೇಳ್ತಿದ್ರು ಪಾಪ. ನಂಬಿರಲಿಲ್ಲ. ಹಾಗೇ ಹೋದ್ರು."

ಟೋನಕ್ಕನಿಗೆ ಅಳು ಬರಲಿಲ್ಲ. ಕಾಲು ಹಿಡಿದುಕೊಳ್ಳೋಣವೆಂದು ಬಗ್ಗಿದಳು. "ಏಳು" ಎಂದಳು ಅತ್ತಿಗೆ. ವಾರ್ಡಿನಲ್ಲಿ ಮಾತಾಡುತ್ತಿದ್ದ ದನಿ ಅದು. ಟೋನಕ್ಕ ಅದನ್ನು ಕೇಳಿ ವರ್ಷಗಳಾಗಿದ್ದವು. "ಅದೆಲ್ಲ ಬೇಡ. ನನ್ನ ಮುಂದೆ ಅತ್ತು ಹಗುರ ಮಾಡ್ಕೋಬೇಡ. ನಾಳೆ ರಜ ಹಾಕು."

ಅಂದು ರಾತ್ರಿ ಅತ್ತಿಗೆ ತನ್ನ ಪಾಲಿನ ಊಟವನ್ನು ತಟ್ಟೆಗೆ ಹಾಕಿಕೊಂಡು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಬೆಳಿಗ್ಗೆ ಅವಳು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಕೂದಲು ಬಿಗಿಯಾಗಿ ಕಟ್ಟಿ, ಪುಸ್ತಕ ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು. "ಮೊದಲು ಅಲ್ಲಿಗೆ. ಆಸ್ಪತ್ರೆಗೆ ಆಮೇಲೆ. ಹೇಳಬೇಕಾದವಳು ನೀನು. ನಾನು ಪಕ್ಕದಲ್ಲಿರ್ತೀನಿ, ಬಾಯಿ ತೆರೆಯಲ್ಲ."

ಬೇಕರಿ ಇದ್ದ ರಸ್ತೆಯನ್ನು ಅತ್ತಿಗೆ ಅಷ್ಟೂ ವರ್ಷ ಬಳಸಿ ಹೋಗುತ್ತಿದ್ದಳು. ತರಕಾರಿ ತರಲು ಎರಡು ಪಟ್ಟು ನಡೆಯುತ್ತಿದ್ದಳು. ಈಗ ನಡುರಸ್ತೆಯಲ್ಲೇ ನೆಟ್ಟಗೆ ನಡೆದಳು. ಟೋನಕ್ಕ ಎರಡು ಹೆಜ್ಜೆ ಹಿಂದೆ. ಅಂಗಡಿಯಲ್ಲಿ ಬೆಳಗಿನ ಗಿರಾಕಿಗಳು ಮುಗಿದಿದ್ದರು. ಸತ್ತವನ ಹೆಂಡತಿ, ನರೆತ ತಲೆಗೆ ಬಟ್ಟೆ ಸುತ್ತಿಕೊಂಡು, ಖಾಲಿ ತಟ್ಟೆಗಳಿಂದ ಬ್ರೆಡ್ಡಿನ ಚೂರು ಕೆರೆಯುತ್ತಿದ್ದಳು. ತಲೆಯೆತ್ತಿದವಳು ಅತ್ತಿಗೆಯ ಗುರುತು ಹಿಡಿದಳು. ಕೈ ನಿಂತಿತು.

"ನೀವು ಇಲ್ಲಿಗೆ ಯಾಕೆ ಬಂದ್ರಿ?"

ಟೋನಕ್ಕ ಮುಂದೆ ಬಂದು ಹೇಳಿದಳು. ಇಲಿಯಿಂದ ಶುರು ಮಾಡಿದಳು. ಬಲ್ಬು, ಎರಡು ಬಣ್ಣ, ಸಿನಿಮಾ, ಬೀಗ ಹಾಕಿದ ಕೋಣೆ, ಬುಧವಾರ ತಾನು ಹೇಳಿದ ಸರಿ ಇದೆ ಸಾರ್. ಎಲ್ಲೂ ದನಿ ತಗ್ಗಿಸಲಿಲ್ಲ. ಪುಸ್ತಕ ಬಿಡಿಸಿ ತೋರಿಸಿದಳು. ಬೇಕರಿಯವಳು ಪುಸ್ತಕ ನೋಡಲಿಲ್ಲ, ಅವಳ ಬಾಯನ್ನೇ ನೋಡುತ್ತಿದ್ದಳು.

ಮುಗಿದ ಮೇಲೆ ಬೇಕರಿಯವಳು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು.

"ನಾನು ದಿನಾ ಬೆಳಿಗ್ಗೆ ಹಿಟ್ಟು ನಾದುವಾಗ ಇವರಿಗೆ ಶಾಪ ಹಾಕ್ತಿದ್ದೆ" ಎಂದಳು ಬೇಕರಿಯವಳು, ಅತ್ತಿಗೆಯ ಕಡೆ ಗಲ್ಲ ತೋರಿಸಿ. "ಮುಷ್ಟಿ ಇಳಿಸಿದಾಗೆಲ್ಲ ಒಂದು. ಒಂದು ದಿನವೂ ಬಿಟ್ಟಿಲ್ಲ."

ಅವಳು ಒಳಗೆ ಹೋದಳು. ಮರದ ಕುರ್ಚಿ ಎಳೆಯುವ ಸದ್ದಾಯಿತು. ಒಂದೇ ಕುರ್ಚಿ ತಂದಳು. ಅದರ ಮೇಲಿನ ಹಿಟ್ಟನ್ನು ಕೈಯಲ್ಲಿ ಒರೆಸಿ ಅತ್ತಿಗೆಯ ಮುಂದೆ ಇಟ್ಟಳು. "ಕೂತ್ಕೊಳ್ಳಿ ಸಿಸ್ಟರ್."

ಅತ್ತಿಗೆ ಕೂತಳು. ಕೂತ ಮೇಲೆ ಅವಳ ಭುಜ ಅಲುಗಾಡತೊಡಗಿತು. ಬೇಕರಿಯವಳು ಕಟ್ಟೆಯ ಈಚೆ ಬಂದು ಅವಳ ಪಕ್ಕದಲ್ಲಿ ಮೈದಾ ಚೀಲದ ಮೇಲೆ ಕೂತಳು. ಟೋನಕ್ಕನಿಗೆ ಕೂತುಕೋ ಎಂದು ಯಾರೂ ಹೇಳಲಿಲ್ಲ. ಅವಳು ಹೊಸ್ತಿಲ ಬಳಿ, ಬಿಸಿಲು ಬೆನ್ನಿಗೆ ಬೀಳುತ್ತಿದ್ದಂತೆ ನಿಂತೇ ಇದ್ದಳು. ಹೋಗಲೂ ತೋಚಲಿಲ್ಲ, ಇರಲೂ ತೋಚಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅತ್ತಿಗೆ, ತಿರುಗಿ ನೋಡದೆ, ಹೇಳಿದಳು: "ನೀನು ಹೋಗಿ ಅನ್ನಕ್ಕಿಟ್ಟಿರು. ನಾನು ಇವರ ಜೊತೆ ಸ್ವಲ್ಪ ಕೂತು ಬರ್ತೀನಿ."